ಅಜ್ಜನ ಕ್ಷೌರದ ಕತ್ತಿಯ ಬಾಯಿಗೆ ಕಚ್ಚು ಬಿದ್ದಿದೆ, ಕಾರಣವೇನು?

ಪ್ರಶ್ನೆ: ನಮಸ್ಕಾರ. ಜರ್ಮನಿಯ ಸೋಲಿಂಗನ್‌ನಲ್ಲಿ ತಯಾರಾದ ನಮ್ಮ ಅಜ್ಜನ ಕ್ಷೌರದ ಕತ್ತಿಯನ್ನು ಸಾಣೆ ಹಿಡಿಸಿ ಎರಡು ತಿಂಗಳಿಂದ ಬಳಸುತ್ತಿದ್ದೇನೆ. ಒಮ್ಮೆಯೂ ಕೈಜಾರಿ ಬಿದ್ದಿಲ್ಲ. ಆದರೂ ಬಾಯಿಯ ತುದಿಯಲ್ಲಿ ಎರಡು ಕಚ್ಚುಗಳು ಬಿದ್ದಿವೆ, ಅಲ್ಲಲ್ಲಿ ಕಪ್ಪು ಚುಕ್ಕೆಗಳೂ ಎದ್ದಿವೆ. ನನ್ನ ಗಡ್ಡ ಒರಟಾಗಿರುವುದು ಕಾರಣವೇ? ನಾವಿರುವುದು ಮಂಗಳೂರಿನಲ್ಲಿ.

ಉತ್ತರ: ನಮಸ್ಕಾರ. ಗಡ್ಡದ ಮೇಲೆ ತಪ್ಪು ಹೊರಿಸಬೇಡಿ. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿಯಾಗಿದ್ದರೂ ಕೂದಲು ಅಲಗಿನ ಅಂಚನ್ನು ಚಕ್ಕೆ ಎಬ್ಬಿಸಬಲ್ಲದೆಂದು ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ತೋರಿಸಿದ್ದು ನಿಜ. ಆದರೆ ಆ ಚಕ್ಕೆಗಳು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಂಥವು.

ಕಚ್ಚು ತುದಿಯಲ್ಲಷ್ಟೇ ಇರುವುದರಿಂದ ನನ್ನ ಅನುಮಾನ ಹಿಡಿಯ ಮೊಳೆಯ ಮೇಲಿದೆ. ಹಳೆಯ ಕತ್ತಿಗಳಲ್ಲಿ ಮೊಳೆ ಸಡಿಲವಾಗಿ, ಮಡಚುವಾಗ ಅಲಗು ಪಕ್ಕಕ್ಕೆ ವಾಲಿ, ಬಾಯಿಯ ತುದಿ ಹಿಡಿಯ ಒಳಮೈಗೆ ತಗಲುತ್ತದೆ. ಬೆಳಕಿಗೆ ಹಿಡಿದು ನಿಧಾನವಾಗಿ ಮಡಚಿ ನೋಡಿದರೆ ತಿಳಿಯುತ್ತದೆ. ತೊಳೆಯುವಾಗ ನಲ್ಲಿಗೆ ತಾಗಿದರೂ ಹೀಗೆಯೇ ಆಗುತ್ತದೆ.

ಚುಕ್ಕೆಗಳು ತುಕ್ಕಿನವು. ಈ ಕತ್ತಿಗಳು ಸಾಮಾನ್ಯವಾಗಿ ಇಂಗಾಲದ ಉಕ್ಕಿನವು. ಕರಾವಳಿಯ ಉಪ್ಪುಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಸೋಪಿನ ನೀರು ಉಳಿದ ಅಲಗನ್ನು ಮಡಚಿಟ್ಟರೆ ತುಕ್ಕು ಬಾಯಿಯನ್ನೇ ಮೊದಲು ತಿನ್ನುತ್ತದೆ, ಏಕೆಂದರೆ ಅಲ್ಲಿ ಉಕ್ಕು ಅತ್ಯಂತ ತೆಳು. ಮೊಳೆಯ ಸಂದಿಯನ್ನೂ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಸ್ನಾನದ ಮನೆಯ ಹೊರಗಿಡಿ.

ಪ್ರಶ್ನೆ: ಮೊಳೆ ಸಡಿಲವೇ ಇತ್ತು, ಧನ್ಯವಾದಗಳು. ನಮ್ಮ ಬೀದಿಗೆ ಬರುವ ಸಾಣೆಯವರ ಚಕ್ರದಲ್ಲಿ ಈ ಕಚ್ಚನ್ನು ತೆಗೆಸಬಹುದೇ?

ಉತ್ತರ: ದಯವಿಟ್ಟು ಬೇಡ. ಅಡುಗೆಮನೆಯ ಚಾಕುವಿಗೆ ಆ ಚಕ್ರ ಸರಿ, ಆದರೆ ಇಷ್ಟು ತೆಳುವಾದ ಬಾಯಿ ಅಲ್ಲಿ ಕ್ಷಣದಲ್ಲಿ ಕಾಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಕೆಟ್ಟಂತೆಯೇ, ಆ ಭಾಗ ಮತ್ತೆ ಹರಿತವನ್ನು ಹಿಡಿದಿಡುವುದಿಲ್ಲ. ನನ್ನ ಬಳಿ ಬಂದ ಹಳೆಯ ಕತ್ತಿಗಳಲ್ಲಿ ನನಗೆ ಹೆಚ್ಚು ಸಂಕಟ ತಂದಿರುವುದು ಈ ಹಾನಿಯೇ. ಮೊದಲು ಮೊಳೆಯನ್ನು ಬಿಗಿ ಮಾಡಿಸಿ. ಅನಂತರ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ, ಒತ್ತಡ ಹಾಕದೆ, ಒದ್ದೆ ಕಲ್ಲಿನ ಮೇಲೆ ಕೈಯಿಂದಲೇ ಮಸೆಯುವವರಿಗೆ ಕೊಡಿ. ಚರ್ಮದ ಪಟ್ಟಿಯ ಮೇಲೆ ತಿಕ್ಕುವಾಗ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ಪ್ರತಿ ಸಲವೂ ಬೆನ್ನಿನ ಮೇಲೆಯೇ ಹೊರಳಿಸಿ; ಬಾಯಿಯ ಮೇಲೆ ಹೊರಳಿಸಿದರೆ ಹೊಸದಾಗಿ ಮಸೆದ ಅಂಚು ಅಲ್ಲೇ ಮಡಚಿಕೊಳ್ಳುತ್ತದೆ.