ಕಿಟ್ಟಿಯ ಶೀಟಿನಲ್ಲಿ ಸಿಂಹ

"ಆಗಸ್ಟ್ 12, ಬೆಳಿಗ್ಗೆ 10.30ಕ್ಕೆ ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುತ್ತದೆ. 11.30ಕ್ಕೆ ಕಾಫಿ," ಅಂತ ಕಿಟ್ಟಿ ಲ್ಯಾಪ್‌ಟಾಪ್ ನೋಡಿಕೊಂಡು ಓದಿದ.

ಪದ್ದು ಕಡಲೆಬೀಜದ ಸಿಪ್ಪೆ ಊದಿ ಕೇಳಿದ, "ಅವಕ್ಕೆ ಹೇಳಿದ್ದೀಯಾ?"

"ಯಾರಿಗೆ?"

"ದಾಟೋರಿಗೆ. ಶೀಟಿನ ಒಂದು ಕಾಪಿ ಕಳಿಸಿಬಿಡು. ಹತ್ತೂವರೆ ಅಂತ ಅವಕ್ಕೆ ಹೇಗೆ ಗೊತ್ತಾಗಬೇಕು, ಪಾಪ."

ಶನಿವಾರ ಸಂಜೆ, ಪದ್ದು ಮನೆ ಜಗಲಿ. ಆಫ್ರಿಕಾ ಸಫಾರಿಯ ಮಾತು ನಮ್ಮಲ್ಲಿ ನಾಲ್ಕು ವರ್ಷದಿಂದ ನಡೆಯುತ್ತಿದೆ. ಮಾತು ಮಾತ್ರ ನಡೆಯುತ್ತಿದೆ. ನಾವು ಕೂತೇ ಇದ್ದೇವೆ.

"ನಗಬೇಡ ಪದ್ದು. ತಾಂಜಾನಿಯಾದ ಸೆರೆಂಗೆಟಿ ಕಾಡು ಅಂದರೆ 14,763 ಚದರ ಕಿಲೋಮೀಟರ್. ಬಂಡೀಪುರದಂಥವು ಹದಿನೈದು ಹಾಕಿದರೂ ಜಾಗ ಮಿಗುತ್ತದೆ. ಪ್ಲಾನ್ ಇಲ್ಲದೆ ಹೋದರೆ ಏನೂ ಕಾಣೋದಿಲ್ಲ."

"ಬಂಡೀಪುರಕ್ಕೆ ನಿನ್ನ ಪ್ಲಾನ್ ಹಿಡಿದುಕೊಂಡೇ ಹೋಗಿದ್ದೆವಲ್ಲ. ಏನು ಕಂಡಿತು?"

ಜಿಂಕೆ ಕಂಡಿತ್ತು. ಮತ್ತೆ ಜಿಂಕೆ. ಆಮೇಲೆ ಮುಂದಿನ ಜೀಪಿನವರ ಬೆನ್ನು. ಹುಲಿಯ ಕಾಲಕ್ಕೆ ಕಿಟ್ಟಿ ಬರೆದಿದ್ದು ಸಂಜೆ ಐದು ಗಂಟೆ. ಹುಲಿಗೆ ಅವತ್ತು ಬೇರೆ ಕೆಲಸವಿತ್ತು.

"ಅಲ್ಲಿ ಹುಲಿ ಎಷ್ಟಿವೆಯಂತೆ?" ಅಂತ ನಾನು ಸುಮ್ನೆ ಕೇಳಿದೆ.

ಮೂವರೂ ನನ್ನ ಕಡೆ ತಿರುಗಿದರು. ಆಫ್ರಿಕಾದ ಕಾಡಿನಲ್ಲಿ ಹುಲಿಯೇ ಇಲ್ಲವಂತೆ. ಗೊತ್ತಿರಲಿಲ್ಲ. ಗೊತ್ತಿತ್ತು, ಮರೆತಿದ್ದೆ ಅಂತ ಹೇಳಿದೆ.

"ಅಲ್ಲಿ ನೋಡಬೇಕಾದ್ದು ಬಿಗ್ ಫೈವ್," ಅಂದ ಮಂಜ. ಕ್ಯಾಮೆರಾಕ್ಕೆ ಮೂರು ಕೆಜಿಯ ಲೆನ್ಸ್ ಕೊಂಡ ಮೇಲೆ ಅವನ ಮಾತಿಗೂ ತೂಕ ಬಂದಿದೆ. "ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. ನಾಲ್ಕು ದಿನದಲ್ಲಿ ಐದೂ ಮುಗಿಸಬಹುದು."

"ಮುಗಿಸೋದು ಅಂದ್ಯಲ್ಲ, ಸರಿಯಾದ ಮಾತೇ ಬಂತು ನಿನ್ನ ಬಾಯಿಗೆ," ಅಂದ ಪದ್ದು. "ಆ ಪಟ್ಟಿ ಮಾಡಿದವರು ಬೇಟೆಗಾರರು ಕಣೋ. ನೆಲದ ಮೇಲೆ ನಿಂತು ಗುಂಡು ಹೊಡೆಯೋಕೆ ಯಾವ ಐದು ಪ್ರಾಣಿ ಕಷ್ಟವೋ, ಅಪಾಯವೋ, ಅವೇ ಬಿಗ್ ಫೈವ್. ಅವರು ಹೋದರು, ಪಟ್ಟಿ ಉಳೀತು. ಬಂದೂಕಿನ ಬದಲು ನಿನ್ನ ಲೆನ್ಸ್ ಬಂತು. ನೀನೂ ಶೂಟ್ ಮಾಡ್ತೀನಿ ಅಂತಲೇ ಅಂತೀಯ. ಹದಿನೈದಡಿ ಮೇಲಿರೋ ಜಿರಾಫೆ ದೊಡ್ಡದರ ಲೆಕ್ಕಕ್ಕೆ ಇಲ್ಲವಂತೆ, ಚಿರತೆ ದೊಡ್ಡದಂತೆ. ಇದು ಯಾವ ಊರಿನ ಅಳತೆ?"

"ಜಿರಾಫೆ ತಾಂಜಾನಿಯಾದ ರಾಷ್ಟ್ರಪ್ರಾಣಿ," ಅಂದ ಕಿಟ್ಟಿ. "ಹಾಕಿದ್ದೀನಿ. ಮೂರನೇ ದಿನ, ಊಟ ಆದಮೇಲೆ, ಹತ್ತು ನಿಮಿಷ."

"ಸಿಂಹಕ್ಕೆ?"

"ನಲವತ್ತು."

"ಅದು ದಿನಕ್ಕೆ ಇಪ್ಪತ್ತು ಗಂಟೆ ಬೇಕಾದರೂ ಮಲಗಿರೋ ಪ್ರಾಣಿ. ನಲವತ್ತು ನಿಮಿಷವೂ ಅದು ಮಲಗಿರೋದನ್ನೇ ನೋಡಬೇಕು. ಅದಕ್ಕೆ ಸೆರೆಂಗೆಟಿ ಯಾಕೆ? ಭಾನುವಾರ ಮಧ್ಯಾಹ್ನ ನಮ್ಮನೆಗೆ ಬಾ. ಚಾಪೆ ಸಮೇತ ತೋರಿಸ್ತೀನಿ."

"ಗೊರಕೆ ಬೇರೆ," ಅಂತ ಒಳಗಿಂದ ಸಾವಿತ್ರಿ ಅತ್ತಿಗೆಯ ದನಿ ಬಂತು.

ಮಂಜ ಮಾತು ಬದಲಿಸೋಕೆ ಒಂದು ಕವರ್ ಬಿಚ್ಚಿದ. ಒಳಗೆ ಐದು ಟೀ ಶರ್ಟು. ಕಡುನೀಲಿ ಬಣ್ಣ, ಎದೆಯ ಮೇಲೆ ದಪ್ಪಗೆ 'ಬಿಗ್ ಫೈವ್'. ನಮ್ಮ ವಾಟ್ಸಾಪ್ ಗುಂಪಿನ ಹೆಸರೂ ಅದೇ.

ಕಿಟ್ಟಿ ಮುಖ ಸಣ್ಣಗೆ ಮಾಡಿಕೊಂಡ. "ನೀಲಿ, ಕಪ್ಪು ಆಗೋದಿಲ್ಲ ಕಣೋ. ಆ ಬಣ್ಣಕ್ಕೆ ತ್ಸೆತ್ಸೆ ನೊಣ ಹುಡುಕಿಕೊಂಡು ಬರುತ್ತದೆ. ಬಟ್ಟೆಯ ಮೇಲೇ ಕಚ್ಚುತ್ತದೆ. ಅದನ್ನ ಹಿಡಿಯೋಕೆ ಅಲ್ಲಿ ಇದೇ ಬಣ್ಣದ ಬಟ್ಟೆ ನೇತುಹಾಕಿರುತ್ತಾರೆ."

"ಸರಿಹೋಯ್ತು. ಐದು ಬಲೆ ರೆಡಿ," ಅಂದ ಪದ್ದು. "ಯಾವ ಪ್ರಾಣಿ ಬರದೇ ಹೋದರೂ ನೊಣ ಟೈಮಿಗೆ ಬರುತ್ತದೆ. ಅದನ್ನೂ ಶೀಟಿಗೆ ಸೇರಿಸು."

ಅತ್ತಿಗೆ ಕಾಫಿ ತಂದರು. "ಊಟಕ್ಕೆ ಏನು ಮಾಡ್ತೀರಿ? ಗೊಜ್ಜವಲಕ್ಕಿ, ಚಟ್ನಿಪುಡಿ ಕಟ್ಟಿಕೊಡಲಾ?"

"ಕಾಡಿಗೆ ಹೋಗೋ ಚಿಕ್ಕ ವಿಮಾನದಲ್ಲಿ ಒಬ್ಬರಿಗೆ ಹದಿನೈದೇ ಕೆಜಿ, ಅತ್ತಿಗೆ," ಅಂದ ಕಿಟ್ಟಿ. "ಗಟ್ಟಿ ಪೆಟ್ಟಿಗೆಯೂ ಆಗೋದಿಲ್ಲ, ಮೆತ್ತಗಿನ ಬ್ಯಾಗೇ ಬೇಕು. ಮಂಜನ ಲೆನ್ಸಿಗೇ ಮೂರು ಹೋಯ್ತು."

"ಲೆನ್ಸು ತಿನ್ನೋಕಾಗುತ್ತಾ?"

ಮಂಜ ಉತ್ತರ ಕೊಡಲಿಲ್ಲ. "ಹೆದರಬೇಡ ಬಿಡು," ಅಂತ ಪದ್ದು ಹೆಂಡತಿಗೆ ಹೇಳಿದ. "ಸ್ವಾಹಿಲಿಯಲ್ಲೂ ಚಹಾಕ್ಕೆ ಚಾಯ್, ಚಪಾತಿಗೆ ಚಪಾತಿ. ಗಾಡಿಗೆ ಗಾರಿ. ಸಫಾರಿ ಅಂದರೆ ಬರೀ ಪ್ರಯಾಣ, ಅಷ್ಟೇ. ನಾನು ದೇವರಾಜ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದರೂ ಸಫಾರಿಯೇ."

"ಹಾಗಾದರೆ ನಾಳೆ ಹೋಗಿಬನ್ನಿ. ಕೊತ್ತಂಬರಿ ಮುಗಿದಿದೆ."

ಕಿಟ್ಟಿ ಬಿಡುವವನಲ್ಲ. ಮುಂದಿನ ಪುಟ ತೆಗೆದ. ನೈರೋಬಿ ಮೇಲೆ ಹೋಗಿಬರುವುದರಿಂದ ಯೆಲ್ಲೋ ಫೀವರ್ ಲಸಿಕೆ ಬೇಕು. ಹೊರಡೋಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡು ಅದರ ಸರ್ಟಿಫಿಕೇಟಿನ ಹಳದಿ ಪುಸ್ತಕ ಇಟ್ಟುಕೊಳ್ಳಬೇಕು. ಅದಿಲ್ಲದೆ ವಾಪಸ್ ಬಂದರೆ ನಮ್ಮವರೇ ಆರು ದಿನದವರೆಗೆ ಬೇರೆ ಇಡಬಹುದು.

"ಚೆನ್ನಾಗಿದೆ. ನಾಲ್ಕು ದಿನ ಪ್ರಾಣಿಗಳನ್ನ ನೋಡಿ, ಆಮೇಲೆ ಆರು ದಿನ ನಾವು ಬೋನಿನಲ್ಲಿ."

"ಇನ್ನೊಂದು ವಿಷಯ," ಕಿಟ್ಟಿಯ ದನಿ ತಗ್ಗಿತು. "ಅರವತ್ತು ದಾಟಿದವರಿಗೆ ಆ ಲಸಿಕೆಯನ್ನ ಸುಮ್ನೆ ಕೊಡೋದಿಲ್ಲ. ಡಾಕ್ಟರು ನೋಡಿ, ಯೋಚನೆ ಮಾಡಿ ಕೊಡುತ್ತಾರೆ."

ಯಾರೂ ಮಾತಾಡಲಿಲ್ಲ. ಈ ಪ್ಲಾನ್ ಶುರು ಮಾಡಿದಾಗ ನಮಗೆ ಐವತ್ತೇಳು.

ಮಂಜನೇ ಮೊದಲು ಬಾಯಿಬಿಟ್ಟ. ಅವನು ವಿಡಿಯೋ ಜಾಸ್ತಿ ನೋಡುತ್ತಾನೆ. "ಈ ನದಿ ದಾಟೋದಕ್ಕೆ ಟೈಮ್ ಅಂತ ಇರೋದಿಲ್ಲ ಕಿಟ್ಟಿ. ಮಳೆ ಎಲ್ಲೋ, ಹುಲ್ಲು ಎಲ್ಲೋ, ಅಲ್ಲಿಗೆ ಹೋಗುತ್ತವೆ. ಜುಲೈಯಿಂದ ಅಕ್ಟೋಬರ್ ಒಳಗೆ ಯಾವತ್ತೋ ಮಾರಾ ನದಿಯ ದಡಕ್ಕೆ ಬಂದು ನಿಲ್ಲುತ್ತವೆ. ನೀರು ನೋಡುತ್ತವೆ. ಒಳಗೆ ಮೊಸಳೆ. ಮುಂದಿರೋದು ಎರಡು ಹೆಜ್ಜೆ ಇಡುತ್ತದೆ, ಹಿಂದಕ್ಕೆ ತಿರುಗುತ್ತದೆ. ಎಲ್ಲವೂ ತಿರುಗುತ್ತವೆ. ಮತ್ತೆ ಬರುತ್ತವೆ. ಗಂಟೆಗಟ್ಟಲೆ ಹೀಗೇ. ಕೆಲವು ಸಲ ಅವತ್ತು ದಾಟೋದೇ ಇಲ್ಲ."

ಪದ್ದು ಕಾಫಿ ಲೋಟ ಕೆಳಗಿಟ್ಟ. "ಇದನ್ನ ನೋಡೋಕೆ ಅಷ್ಟು ದೂರ ಹೋಗಬೇಕೇನೋ? ಈ ಜಗಲಿ ಮುಂದೆ ಒಂದು ಜೀಪು ತಂದು ನಿಲ್ಲಿಸಿದರೆ ಸಾಕು. ಮೊದಲನೇ ವರ್ಷ ಕಿಟ್ಟಿ ಎರಡು ಹೆಜ್ಜೆ ಇಟ್ಟ. ಮಗಳ ಮದುವೆ ಅಂತ ತಿರುಗಿದ. ಆಮೇಲೆ ಮಂಜ ಬಂದ, ಮಂಡಿನೋವು ಅಂತ ತಿರುಗಿದ. ಹೋದ ವರ್ಷ ಇವನು," ಅಂತ ನನ್ನ ಕಡೆ ಕೈ ತೋರಿಸಿದ, "ಮನೆಗೆ ಸುಣ್ಣಬಣ್ಣ ಅಂದ."

"ನೀನು?"

"ನಾನೇನು ಮಾಡಲಿ? ಎಲ್ಲರೂ ತಿರುಗಿದಿರಲ್ಲ ಅಂತ ನಾನೂ ತಿರುಗಿದೆ."

"ಹಾಗಾದರೆ ಮೊಸಳೆ ಯಾರು?" ಅಂತ ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದರು. "ನಾನಾ?"

"ಕಡಲೆಬೀಜ ಹದವಾಗಿ ಹುರಿದಿದ್ದೀಯ ಇವತ್ತು," ಅಂದ ಪದ್ದು.

ನಕ್ಕು ಸುಸ್ತಾದ ಮೇಲೆ ಟೀ ಶರ್ಟು ಹಂಚಿಕೊಂಡೆವು. ನೊಣ ಇಲ್ಲಿಗೇನು ಬರೋದಿಲ್ಲವಲ್ಲ, ವಾಕಿಂಗಿಗೆ ಆಗುತ್ತದೆ ಅಂತ. ಒಂದು ಉಳಿಯಿತು. ರಘುವಿನದು. ಡಬಲ್ ಎಕ್ಸೆಲ್.

ಈ ಮಾತು ಶುರುವಾಗಿದ್ದೇ ರಘುವಿನಿಂದ. ನಾಲ್ಕು ವರ್ಷದ ಹಿಂದೆ ಮೊಮ್ಮಗನನ್ನು ಕರೆದುಕೊಂಡು ಮೈಸೂರು ಮೃಗಾಲಯಕ್ಕೆ ಹೋಗಿದ್ದ. ನಾವೂ ಜೊತೆಗಿದ್ದೆವು. ಜಿರಾಫೆ ಕತ್ತು ಬಗ್ಗಿಸಿ ನೋಡಿದಾಗ ಹುಡುಗನಿಗಿಂತ ಇವನೇ ಜಾಸ್ತಿ ಕುಣಿದ. "ಇದರ ಊರಿಗೇ ಹೋಗಿ ನೋಡೋಣ ಕಣ್ರೋ, ಐದೂ ಜನ," ಅಂದ. ಮುಂದಿನ ತಿಂಗಳು ಮಗನ ಜೊತೆ ನ್ಯೂಜೆರ್ಸಿಗೆ ಹೋದ. ಆರು ತಿಂಗಳಿಗೆ ಬರುತ್ತೇನೆ ಅಂದಿದ್ದ. ಮೊಮ್ಮಗನ ಹಿಂದೆ ಮೊಮ್ಮಗಳು ಬಂದಳು. ಈಗ ಅವಳನ್ನು ಶಾಲೆಗೆ ಬಿಡೋದು, ಕರೆದುಕೊಂಡು ಬರೋದು. ಗುಂಪಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಒಂದು ಹೆಬ್ಬೆಟ್ಟು ಒತ್ತಿ ಮಾಯವಾಗುತ್ತಾನೆ.

"ಐದರಲ್ಲಿ ಘೇಂಡಾಮೃಗ ಸಿಗೋದೇ ಕಷ್ಟವಂತೆ," ಅಂದ ಕಿಟ್ಟಿ, ಶೀಟು ನೋಡಿಕೊಂಡೇ. "ಕಪ್ಪು ಘೇಂಡಾಮೃಗ ಬೇಕು ಅಂದರೆ ಗೊರೊಂಗೊರೊ ಕುಳಿಗೆ ಇಳಿಯಬೇಕು. ಅಲ್ಲೂ ದುರ್ಬೀನು ಹಿಡಿದು ಕಾಯಬೇಕು. ಎಲ್ಲೋ ದೂರದಲ್ಲಿ ಒಂದು ಚುಕ್ಕೆ ಕಂಡರೆ ಪುಣ್ಯ."

"ನಮ್ಮದೂ ಅಷ್ಟೇ," ಅಂದ ಪದ್ದು. ಉಳಿದ ಟೀ ಶರ್ಟನ್ನು ಮಡಿಸಿದ. ಸರಿಯಾಗಲಿಲ್ಲವೇನೋ, ಬಿಚ್ಚಿ ಇನ್ನೊಂದು ಸಲ ಮಡಿಸಿದ.

ಮಂಜ ಅದರ ಫೋಟೋ ತೆಗೆದು ಗುಂಪಿಗೆ ಹಾಕಿದ. ಆ ಮೂರು ಕೆಜಿ ಲೆನ್ಸಿನಲ್ಲಲ್ಲ, ಫೋನಿನಲ್ಲಿ. ನ್ಯೂಜೆರ್ಸಿಯಲ್ಲಿ ಆಗ ಬೆಳಗಿನ ಹೊತ್ತು. ಒಂದು ನಿಮಿಷಕ್ಕೆ ನಾಲ್ಕು ಫೋನೂ ಒಟ್ಟಿಗೆ ಟಿಣ್ ಅಂದವು.

ಹೆಬ್ಬೆಟ್ಟು.

"ಕಾಣಿಸಿಕೊಂಡ ನೋಡೋ," ಅಂದ ಪದ್ದು. "ಕಿಟ್ಟಿ, ಟಿಕ್ ಹಾಕು."

ಕಿಟ್ಟಿ ನಿಜವಾಗಿಯೂ ಹಾಕಿದ. ಹಾಕಿ, ಪಕ್ಕದ ಕಾಲಂನಲ್ಲಿ ಟೈಮ್ ಕೂಡ ಬರೆದ. ಸಂಜೆ 6.40.