ಇಬ್ಬರೂ ಥಲಸ್ಸೀಮಿಯಾ ವಾಹಕರು: ಅನುಭವವಿದ್ದವರು ದಯವಿಟ್ಟು ತಿಳಿಸಿ

ಹೊಸಚಿಗುರು: ಮದುವೆಯ ನಂತರ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನಮ್ಮಿಬ್ಬರ ಎಚ್‌ಬಿ-ಎ2 (ಹಿಮೋಗ್ಲೋಬಿನ್‌ನ ಒಂದು ಬಗೆ) ಪ್ರಮಾಣವೂ ಶೇಕಡ 3.5ನ್ನು ಮೀರಿದ್ದು, ಇಬ್ಬರೂ ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತರೋಗದ ವಾಹಕರೆಂದು, ಅಂದರೆ ನಮಗೆ ರೋಗವಿಲ್ಲದಿದ್ದರೂ ಮಗುವಿಗೆ ದಾಟಿಸಬಲ್ಲವರೆಂದು, ತಿಳಿದಿದೆ. ಇನ್ನೂ ಗರ್ಭ ನಿಂತಿಲ್ಲ. ಸಮಾಲೋಚಕರು ದಾರಿಗಳನ್ನೆಲ್ಲ ವಿವರಿಸಿದರೇ ಹೊರತು ಯಾವುದನ್ನು ಹಿಡಿಯಬೇಕೆಂದು ಹೇಳಲಿಲ್ಲ. ನೀವೆಲ್ಲ ಏನು ಮಾಡಿದಿರಿ?

ಇಬ್ಬನಿ: ನಾವು ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ ಚಿಕಿತ್ಸೆ) ಮಾಡಿಸಿ, ಭ್ರೂಣಗಳನ್ನು ಪರೀಕ್ಷಿಸಿ, ರೋಗವಿಲ್ಲದ್ದನ್ನೇ ಗರ್ಭಕ್ಕೆ ಸೇರಿಸಿಕೊಂಡವರು. ಖರ್ಚೆಂದರೆ ಐವಿಎಫ್ ಶುಲ್ಕವೊಂದೇ ಎಂದು ಯಾರೂ ಭಾವಿಸಬಾರದು. ಎರಡೂ ಕಡೆಯ ಹಿರಿಯರ ರಕ್ತವನ್ನು ತರಿಸಿಕೊಂಡು ನಮ್ಮ ಕುಟುಂಬಕ್ಕೆಂದೇ ಪರೀಕ್ಷೆಯನ್ನು ಸಿದ್ಧಪಡಿಸಿದ್ದಕ್ಕೆ ಒಂದು ಬಿಲ್, ಅಂಡಾಶಯ ಸ್ಪಂದಿಸದೆ ಪ್ರಮಾಣ ಹೆಚ್ಚಿಸಿದ ಹಾರ್ಮೋನ್ ಚುಚ್ಚುಮದ್ದಿಗೆ ಇನ್ನೊಂದು, ಐದನೆಯ ದಿನದವರೆಗೆ ಉಳಿದ ಪ್ರತಿ ಭ್ರೂಣದಿಂದಲೂ ಕೋಶ ತೆಗೆದದ್ದಕ್ಕೆ ಮತ್ತೊಂದು, ಘನೀಕರಿಸಿ ಇಟ್ಟದ್ದಕ್ಕೆ ವರ್ಷದ ಬಾಡಿಗೆ ಬೇರೆ. ಒಂದು ಭ್ರೂಣದ ಎದುರು ‘ಫಲಿತಾಂಶವಿಲ್ಲ’ ಎಂದಷ್ಟೇ ಬರೆದಿತ್ತು. ಕೆಲವೇ ಕೋಶಗಳಿಂದ ಡಿಎನ್‌ಎ ವೃದ್ಧಿಸುವಾಗ ವಂಶವಾಹಿಯ ತಂದೆಯದೋ ತಾಯಿಯದೋ ಒಂದು ಪ್ರತಿ ಕಾಣದೇ ಹೋಗುವುದುಂಟಂತೆ, ಅದರ ಶುಲ್ಕ ಮಾತ್ರ ಹಿಂದಿರುಗಲಿಲ್ಲ. ಇಷ್ಟಾದ ಮೇಲೂ ಖಚಿತಪಡಿಸಿಕೊಳ್ಳಲು ಗರ್ಭಜಲ ಪರೀಕ್ಷೆ ಮಾಡಿಸಿರೆಂದರು. ಆದರೂ ಒಡಲಲ್ಲಿ ಬೆಳೆಯುತ್ತಿರುವ ಮಗುವನ್ನು ತೆಗೆಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ತಾಳೆಗರಿ: ಇಬ್ಬನಿಯವರೇ, ಕೊನೆಯ ವಾಕ್ಯವನ್ನು ಬರೆಯುವ ಮೊದಲು ಓದುವವರಲ್ಲಿ ನನ್ನಂಥವರೂ ಇರುತ್ತಾರೆಂದು ನೆನೆಯಬೇಕಿತ್ತು. ಸಹಜವಾಗಿ ಗರ್ಭ ನಿಂತ ಮೇಲೆ ಹನ್ನೊಂದನೆಯ ವಾರದಲ್ಲಿ ಸಿವಿಎಸ್ (ಮಾಸುವಿನ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿಸಿದೆವು. ಮಾಸುವಿನ ತುಣುಕಿನಲ್ಲಿ ತಾಯಿಯ ಕೋಶಗಳು ಬೆರೆತಿವೆಯೆಂದು ಪ್ರಯೋಗಾಲಯದವರು ಮತ್ತೆ ಮಾದರಿ ಕೇಳಿದರು, ಮತ್ತೆ ಸೂಜಿ, ಮತ್ತೆ ಕಾಯುವಿಕೆ. ಮಗುವಿಗೆ ಥಲಸ್ಸೀಮಿಯಾ ಮೇಜರ್, ಅಂದರೆ ರೋಗದ ತೀವ್ರ ರೂಪ, ಎಂದು ಬಂತು, ಗರ್ಭವನ್ನು ಮುಂದುವರಿಸಲಿಲ್ಲ. ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲೊಂದು ಸಂಭವ, ಹಿಂದಿನದು ಮುಂದಿನದಕ್ಕೆ ರಿಯಾಯಿತಿ ಕೊಡುವುದಿಲ್ಲ ಎಂಬುದು ಗೊತ್ತಿದ್ದೇ ಮತ್ತೆ ಪ್ರಯತ್ನಿಸಿದೆವು. ಈಗಿರುವ ಮಗಳು ನಮ್ಮಂತೆಯೇ ವಾಹಕಿ, ಆರೋಗ್ಯವಾಗಿದ್ದಾಳೆ.

ಇಬ್ಬನಿ: ನಾವಂತೂ ವಾಹಕ ಭ್ರೂಣಗಳನ್ನೂ ಬೇಡವೆಂದೆವು. ಮುಂದಿನ ಪೀಳಿಗೆಗೂ ಇದೇ ಪಾಡು ಏಕೆ?

ತಾಳೆಗರಿ: ಹಾಗಾದರೆ ನಿಮ್ಮ ತಂದೆತಾಯಿ ಇದೇ ನಿಯಮವನ್ನು ಅನುಸರಿಸಿದ್ದರೆ ನೀವೇ ಇರುತ್ತಿರಲಿಲ್ಲ. ನನ್ನ ಮಗಳಿಗೆ ಯಾವ ಪಾಡೂ ಬಂದಿಲ್ಲ. ಸಂಗಾತಿಯಾಗುವವರ ರಕ್ತವನ್ನು ಮೊದಲೇ ಪರೀಕ್ಷಿಸಿಕೊಂಡರೆ ಆಯಿತು. ಬಿಲ್ಲುಗಳ ಪಟ್ಟಿ ಕೊಟ್ಟಷ್ಟೇ ವಿವರವಾಗಿ ಆ ಭ್ರೂಣಗಳನ್ನು ಏನು ಮಾಡಿದಿರೆಂಬುದನ್ನೂ ಬರೆಯಿರಿ.

ಹಳೆಬೇರು: ನೀವಿಬ್ಬರೂ ವರದಿಗಳನ್ನು ಇಷ್ಟು ನಂಬುವುದು ನನಗೆ ವಿಚಿತ್ರವೆನಿಸುತ್ತದೆ. ನಮ್ಮ ಮಗುವನ್ನು ಕಿತ್ತುಕೊಂಡದ್ದು ಎಸ್‌ಎಂಎ, ಸ್ನಾಯುಗಳನ್ನು ಕುಂದಿಸುವ ಇನ್ನೊಂದು ಆನುವಂಶಿಕ ರೋಗ. ನನ್ನ ಪತಿಯ ವಾಹಕ ಪರೀಕ್ಷೆ ‘ಸಾಮಾನ್ಯ’ ಎಂದಿತ್ತು, ಏಕೆಂದರೆ ಆ ರೋಗಕ್ಕೆ ಸಂಬಂಧಿಸಿದ ಎಸ್‌ಎಂಎನ್1 ವಂಶವಾಹಿಯ ಎರಡು ಪ್ರತಿಗಳೂ ಅವರ ಒಂದೇ ವರ್ಣತಂತುವಿನಲ್ಲಿದ್ದವು, ಇನ್ನೊಂದು ಬರಿದಾಗಿತ್ತು. ಪ್ರತಿಗಳನ್ನು ಎಣಿಸುವ ಪರೀಕ್ಷೆಗೆ ಎರಡು ಕಂಡರೆ ಸಾಕು, ಅವು ಎಲ್ಲಿವೆಯೆಂದು ಅದು ನೋಡದು. ಬಳಿಕ ದಾನಿಯ ವೀರ್ಯವನ್ನು ಆರಿಸಿಕೊಂಡೆವು. ಮನೆಯವರು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ದಾನಿಗೂ ವಾಹಕ ಪರೀಕ್ಷೆಯಾಗಿದೆಯೇ ಎಂದು ಕೇಳಿದಾಗ ಆ ಕೇಂದ್ರದವರು ನನ್ನನ್ನೇ ಸಂಶಯಪಿಶಾಚಿಯಂತೆ ನೋಡಿದರು.

ಇಬ್ಬನಿ: ಕೇಳಿರುವುದು ಥಲಸ್ಸೀಮಿಯಾದ ಬಗ್ಗೆ. ಎಸ್‌ಎಂಎ ಕಥೆಯಿಂದ ಅವರಿಗೇನು ಪ್ರಯೋಜನ?

ಹಳೆಬೇರು: ಕಥೆಯೇ? ಮಗುವನ್ನು ಕಳೆದುಕೊಂಡವಳ ಮಾತನ್ನು ಕಥೆ ಎನ್ನುವವರ ಬಳಿ ನನಗೆ ಚರ್ಚೆಯಿಲ್ಲ.

ಹೊಸಚಿಗುರು: ದಯವಿಟ್ಟು ಜಗಳ ಬೇಡ. ನಮ್ಮ ಬಳಿ ಎಚ್‌ಬಿ-ಎ2 ವರದಿ ಮಾತ್ರ ಇದೆ. ಡಿಎನ್‌ಎ ಪರೀಕ್ಷೆಯನ್ನು ಗರ್ಭ ನಿಂತ ನಂತರ ಮಾಡಿಸಬಹುದೇ?

ತಾಳೆಗರಿ: ಈಗಲೇ ಮಾಡಿಸಿ. ನಿಮ್ಮಿಬ್ಬರಲ್ಲಿರುವ ಮ್ಯುಟೇಶನ್ (ವಂಶವಾಹಿಯ ದೋಷ) ಯಾವುದೆಂದು ತಿಳಿಯದೆ ಸಿವಿಎಸ್ ಮಾದರಿಯಲ್ಲಿ ಏನನ್ನು ಹುಡುಕಬೇಕೆಂದು ಪ್ರಯೋಗಾಲಯಕ್ಕೂ ಗೊತ್ತಾಗುವುದಿಲ್ಲ, ಗರ್ಭ ನಿಂತ ಮೇಲೆ ಹೊರಟರೆ ವಾರಗಳು ಅದರಲ್ಲೇ ಕಳೆದುಹೋಗುತ್ತವೆ. ಐವಿಎಫ್ ದಾರಿಗೂ ಅದೇ ವರದಿ ಬೇಕು. ಇದೊಂದನ್ನು ಇಬ್ಬನಿಯವರೂ ಅಲ್ಲಗಳೆಯಲಾರರು.