ಮನೆಯಲ್ಲಿ ರೋಗಿಯ ಆರೈಕೆ: ಸಿಸ್ಟರ್ ಅವರನ್ನು ಕೇಳಿ

ಅಡ್ಮಿನ್: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರ್ ಇವತ್ತು ಗುಂಪಿನಲ್ಲಿದ್ದಾರೆ. ಕೇಳಿ.

ಮೈಸೂರು: ನಮಸ್ತೆ ಸಿಸ್ಟರ್. ಇನ್ಸುಲಿನ್ ಫ್ರೀಜರ್‌ನಲ್ಲಿ ಇಡಬಹುದಾ?

ಸಿಸ್ಟರ್: ನಮಸ್ತೆ. ಬೇಡ. ಕೆಳಗಿನ ಫ್ರಿಜ್‌ನಲ್ಲಿ ಇಡಿ. ಒಮ್ಮೆ ಗಟ್ಟಿಯಾದದ್ದು ಕರಗಿದರೂ ಬಳಸಬಾರದು.

ತುಮಕೂರು: ಸಿಸ್ಟರ್, ಅಪ್ಪನಿಗೆ ಸ್ಟ್ರೋಕ್ ಆಗಿ ಮೂಗಿಗೆ ಪೈಪ್ ಹಾಕಿ ಮನೆಗೆ ಕಳಿಸಿದ್ದಾರೆ. ಮಲಗಿಸಿಯೇ ರಾಗಿ ಅಂಬಲಿ ಕೊಡ್ತೀವಿ. ಕೊಟ್ಟ ಮೇಲೆ ಕೆಮ್ಮು, ಗಂಟಲಲ್ಲಿ ಗೊರಗೊರ ಸದ್ದು. ನಿನ್ನೆಯಿಂದ ಮೈ ಬಿಸಿ.

ಸಿಸ್ಟರ್: ಪೈಪ್‌ನಲ್ಲಿ ಇನ್ನು ಏನೂ ಕೊಡಬೇಡಿ, ನೀರು ಕೂಡ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಬಲಿ ಶ್ವಾಸಕೋಶಕ್ಕೆ ಇಳಿದಿರಬಹುದು. ಅದರಿಂದ ನ್ಯುಮೋನಿಯಾ ಆಗಬಹುದು. ಮೂಗಿನ ಹತ್ತಿರ ಪೈಪಿನ ಮೇಲಿರುವ ಗುರುತು ನೋಡಿ. ಹೊರಗೆ ಸರಿದಿದ್ದರೆ ನೀವೇ ಒಳಗೆ ತಳ್ಳಬೇಡಿ. ಜಾಗದಲ್ಲಿದೆಯಾ ಅಂತ ಎಕ್ಸ್‌ರೇ ತೆಗೆದು ನೋಡುತ್ತಾರೆ.

ಮುಂದೆ ಕೊಡುವಾಗ ಬೆನ್ನಿಗೆ ದಿಂಬು ಕೊಟ್ಟು ಎದೆಯಿಂದ ಮೇಲೆ 30ರಿಂದ 45 ಡಿಗ್ರಿ ಎತ್ತರಿಸಿ. ತಲೆಗೆ ಮಾತ್ರ ದಿಂಬಿಟ್ಟರೆ ಕುತ್ತಿಗೆ ಬಗ್ಗುತ್ತದೆ, ಅಷ್ಟೇ. ಸಿರಿಂಜ್ ಒತ್ತಬೇಡಿ, ತಾನಾಗಿ ಇಳಿಯಲಿ. ಮುಗಿದ ಮೇಲೂ ಒಂದು ಗಂಟೆ ಹಾಗೇ ಕೂರಿಸಿ. ಅಂಬಲಿ ಸೋಸಿಯೇ ಕೊಡಿ, ಇಲ್ಲದಿದ್ದರೆ ಪೈಪ್ ಕಟ್ಟಿಕೊಳ್ಳುತ್ತದೆ. ಈಗ ಒಂದು ನಿಮಿಷ ಪೂರ್ತಿ ಎದೆ ನೋಡಿ ಉಸಿರು ಎಣಿಸಿ, ಇಲ್ಲೇ ಬರೆಯಿರಿ.

ಹಾಸನ: ಸ್ಟ್ರೋಕ್ ಆದಾಗ ಹತ್ತೂ ಬೆರಳಿಗೆ ಸೂಜಿ ಚುಚ್ಚಿದರೆ ಸರಿಹೋಗುತ್ತಂತೆ. ಫಾರ್ವರ್ಡ್ ಬಂದಿತ್ತು.

ಸಿಸ್ಟರ್: ಸುಳ್ಳು. ಅದನ್ನು ಇನ್ಯಾರಿಗೂ ಕಳಿಸಬೇಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಸ್ಟ್ರೋಕ್ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಸೂಜಿ ಹುಡುಕುತ್ತಾ ಕೂತರೆ ಆ ಹೊತ್ತು ಕೈತಪ್ಪುತ್ತದೆ.

ಶಿವಮೊಗ್ಗ: ಅಜ್ಜಿಗೆ ಬೆನ್ನಲ್ಲಿ ಕೆಂಪಾಗಿದೆ. ಬೆಡ್‌ಸೋರ್ ಇರಬಹುದಾ?

ಸಿಸ್ಟರ್: ಇರಬಹುದು. ಮಲಗಿದಲ್ಲೇ ಒತ್ತಿ ಆಗುವ ಹುಣ್ಣು ಅದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಆ ಜಾಗ ಉಜ್ಜಬೇಡಿ.

ಬೆಂಗಳೂರು: ಏಜೆನ್ಸಿಯಿಂದ ಬಂದ ನರ್ಸ್ ಪಾತ್ರೆ ತೊಳೆಯಲ್ಲ ಅಂತಾರೆ. ಇಡೀ ದಿನ ಸುಮ್ನೆ ಕೂತಿರ್ತಾರೆ.

ಉಡುಪಿ: ರೋಗಿ ನೋಡೋಕೆ ಬಂದವರು ರೀ ಅವರು. ನನ್ನ ತಂಗಿಯೂ ಅದೇ ಕೆಲಸ ಮಾಡ್ತಾಳೆ. ರಾತ್ರಿಯೆಲ್ಲ ಎದ್ದಿರ್ತಾಳೆ.

ಬೆಂಗಳೂರು: ದುಡ್ಡು ಕೊಡೋರು ನಾವು.

ಉಡುಪಿ: ಏಜೆನ್ಸಿ ತನ್ನ ಪಾಲು ಮುರಿದುಕೊಂಡ ಮೇಲೆ ಆ ನರ್ಸ್ ಕೈಗೆ ಎಷ್ಟು ಬರುತ್ತೆ ಅಂತ ಕೇಳಿದೀರಾ?

ಬೆಳಗಾವಿ: ಸಿಸ್ಟರ್, ಕ್ಯಾತಿಟರ್ (ಮೂತ್ರದ ಪೈಪ್) ಎಷ್ಟು ದಿನಕ್ಕೆ ಬದಲಿಸಬೇಕ್ರಿ?

ಮಂಡ್ಯ: ಬೆಡ್‌ಸೋರ್‌ಗೆ ಅರಿಶಿನ, ಟೂತ್‌ಪೇಸ್ಟ್ ಹಚ್ಚಬಹುದಾ?

ಸಿಸ್ಟರ್: ಎರಡೂ ಬೇಡ. ಮೇಲೆ ಓದಿ. ಬೆಂಗಳೂರಿನವರೇ, ಬಂದವರು ನರ್ಸ್ ಆದರೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಇರುತ್ತದೆ, ಕೇಳಿ ನೋಡಿ. ನೋಂದಣಿ ಇದ್ದರೂ ಇಲ್ಲದಿದ್ದರೂ ಪಾತ್ರೆ ಅವರ ಕೆಲಸವಲ್ಲ.

ಬೆಂಗಳೂರು: ನಿಮ್ಮವರ ಪರ ನೀವು ಮಾತಾಡ್ತೀರಿ ಬಿಡಿ.

ಉಡುಪಿ: ಇದೇನು ಮಾತು!

ತುಮಕೂರು: ಸಿಸ್ಟರ್, ಅಪ್ಪನ ಉಸಿರು ಎಣಿಸಿದೆ. 34.

ಸಿಸ್ಟರ್: 34 ತುಂಬಾ ಜಾಸ್ತಿ. 108ಕ್ಕೆ ಫೋನ್ ಮಾಡಿ, ಈಗಲೇ. ಬೆನ್ನು ಎತ್ತರಿಸಿಯೇ ಇಟ್ಟಿರಿ. ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಉಳಿದವರು ಸ್ವಲ್ಪ ಹೊತ್ತು ಏನೂ ಬರೆಯಬೇಡಿ, ಇವರ ಮೆಸೇಜ್ ಮೇಲೆ ಹೋಗಿಬಿಡುತ್ತದೆ.